ಅಂಗಿ ಮಾತ್ರ ತೊಟ್ಟ ಕರಡಿ

ಚಿತ್ರ ಬರೆಯುವ ಕಪ್ಪು ಶಾಯಿಗೆ ಒಂದು ವಾಸನೆಯಿದೆ. ಸ್ವಲ್ಪ ಕರ್ಪೂರ, ಸ್ವಲ್ಪ ದೀಪದ ಮಸಿ, ಜೊತೆಗೆ ಒದ್ದೆ ಗೋಡೆಯದೋ ಏನೋ ಒಂದು. ಕಳೆದ ತಿಂಗಳು ಅಗ್ರಹಾರದ ಸ್ಟೇಷನರಿ ಅಂಗಡಿಯಲ್ಲಿ ಯಾರೋ ಹುಡುಗಿ ಅಂಥದೊಂದು ಬಾಟಲಿಯ ಮುಚ್ಚಳ ತೆಗೆದು ನೋಡುತ್ತಿದ್ದಳು. ನಾನು ಪಕ್ಕದಲ್ಲಿ ಕವರು ಕೊಳ್ಳುತ್ತ ನಿಂತಿದ್ದೆ. ವಾಸನೆ ಮೂಗಿಗೆ ಬಡಿದದ್ದೇ ತಡ, ಅಲ್ಲಿಂದ ಎರಡು ಬೀದಿಯಾಚೆ ಇದ್ದ, ಈಗ ಇಲ್ಲದ, ನಮ್ಮ ಮನೆಯ ಹಜಾರಕ್ಕೆ ಹೋಗಿಬಿಟ್ಟೆ. ಆ ಜಾಗದಲ್ಲಿ ಈಗ ಮೊಬೈಲ್ ರಿಪೇರಿ ಅಂಗಡಿ, ಅದರ ಮಹಡಿಯಲ್ಲಿ ಟ್ಯೂಷನ್ ಕ್ಲಾಸು. ಅದಕ್ಕೆ ನನ್ನದೇನೂ ತಕರಾರಿಲ್ಲ. ಮನೆಗಳು ಹೋಗುತ್ತವೆ, ನಿಮ್ಮದೂ ಹೋಗಿರಬಹುದು. ಕವರು ತೆಗೆದುಕೊಂಡು, ಛತ್ರಿಯನ್ನು ಅಂಗಡಿಯಲ್ಲೇ ಮರೆತು ಬಂದೆ.

ಆ ಹಜಾರದ ಕಿಟಕಿಯ ಪಕ್ಕದಲ್ಲಿ ದೊಡ್ಡಪ್ಪನ ಇಳಿಜಾರು ಮೇಜು ಇತ್ತು. ಅವರು ನನ್ನ ತಂದೆಯ ಅಣ್ಣ. ಹಗಲು ಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು, ಸಂಜೆ ಒಂದು ಮಕ್ಕಳ ಮಾಸಪತ್ರಿಕೆಗೆ ಚಿತ್ರಕಥೆ ಬರೆಯುವವರು. ಕಥೆಯ ನಾಯಕ ಬೋರಣ್ಣ ಎನ್ನುವ ಕರಡಿ. ಚೌಕಳಿ ಅಂಗಿ, ಕತ್ತಿನವರೆಗೂ ಗುಂಡಿ, ಅಂಗಿಯ ಕೆಳಗೆ ಬರೀ ರೋಮ. ಅವನ ಊರಿನಲ್ಲಿ ಎಲ್ಲರದೂ ಇಂಥದೇ ಅರೆಬರೆ ಉಡುಪು. ಟಪಾಲು ತರುವ ಮೊಲಕ್ಕೆ ಖಾಕಿ ಕೋಟು ಮಾತ್ರ, ಹೆಡ್ ಮಾಸ್ಟರ್ ಹಸುವಿಗೆ ಕನ್ನಡಕ ಮತ್ತು ಶಾಲು. ದೊಡ್ಡಪ್ಪ ಇದನ್ನೆಲ್ಲ ಮನಸ್ಸಿಗೆ ಬಂದಂತೆ ಬರೆಯುತ್ತಿದ್ದರೆಂದು ತಿಳಿಯಬೇಡಿ. ಅವರದೇ ಕಾನೂನುಗಳಿದ್ದವು. ಮಾತಾಡುವ ಪ್ರಾಣಿಗೆ ಬಟ್ಟೆ ಉಂಟು, ಮಾತಾಡದ್ದಕ್ಕೆ ಇಲ್ಲ. ಆದ್ದರಿಂದ ಹೆಡ್ ಮಾಸ್ಟರ್ ಹಸು ಶಾಲು ಹೊದ್ದು ಕಾಫಿ ಕುಡಿಯುತ್ತಿದ್ದರೆ, ಆ ಕಾಫಿಗೆ ಹಾಲು ಕೊಟ್ಟ ಕೊಟ್ಟಿಗೆಯ ಹಸುವಿನ ಮೈಮೇಲೆ ಗಂಟೆ ಬಿಟ್ಟು ಏನೂ ಇರುತ್ತಿರಲಿಲ್ಲ. ಅಜ್ಜಿಗೆ ಇದು ಸರಿಬರಲಿಲ್ಲ. "ಇದೇನೋ ಅನ್ಯಾಯ! ಬಾಯಿ ಬಿಟ್ಟು ಒಂದು ಮಾತಾಡಿದ್ರೆ ಅದಕ್ಕೂ ಶಾಲು ಸಿಕ್ಕೋದು, ಪಾಪ" ಎಂದರು. ದೊಡ್ಡಪ್ಪ ನಗಲಿಲ್ಲ. ನಾಲ್ಕಾರು ದಿನ ತಲೆಕೆಡಿಸಿಕೊಂಡು, ಮುಂದಿನ ಸಂಚಿಕೆಯಿಂದ ಹೆಡ್ ಮಾಸ್ಟರಿಗೆ ಕಾಫಿ ತಪ್ಪಿಸಿ ಶುಂಠಿ ಕಷಾಯ ಹಿಡಿಸಿದರು.

ಬಟ್ಟೆಯ ವಿಷಯದಲ್ಲಿ ನಮ್ಮ ಮನೆಯವರೆಲ್ಲರಿಗೂ ಒಂದೊಂದು ಅಭಿಪ್ರಾಯವಿತ್ತು. ದೊಡ್ಡಮ್ಮ ಹೊಲಿಗೆ ಮೆಷಿನ್ನಿನ ಮುಂದೆ ಕೂತೇ ತೀರ್ಪು ಕೊಡುವರು: "ಕೋತಿಗೆ ಪಂಚೆ ಉಡಿಸ್ಬೇಡಿ ಕಣ್ರೀ. ಕಚ್ಚೆ ಸಿಕ್ಕಿಸೋ ಜಾಗದಲ್ಲಿ ಆಗ್ಲೇ ಬಾಲ ಇದ್ಯಲ್ಲ, ಎರಡೂ ಹೆಂಗೆ ಹಿಡ್ಸುತ್ತೆ?" ಕೋತಿಗೆ ಜುಬ್ಬಾ ಬಂತು. ಬೋರಣ್ಣ ಬತ್ತಲೆಯೋ ಅಲ್ಲವೋ ಎಂದು ನಾನು ಒಮ್ಮೆ ಕೇಳಿದೆ. ದಸರಾ ಮುಗಿದ ಮರುದಿನ ದೊಡ್ಡಪ್ಪ ನನ್ನನ್ನು ಸೈಕಲ್ಲಿನ ಮೇಲೆ ಕೂರಿಸಿಕೊಂಡು ಆನೆಗಳನ್ನು ನೋಡಲು ಕರೆದೊಯ್ದರು. ಹಿಂದಿನ ದಿನ ಜರಿಯ ಜೂಲು ಹೊದ್ದು, ಹಣೆಯ ತುಂಬ ಬಣ್ಣ ಬರೆಸಿಕೊಂಡು ನಡೆದಿದ್ದ ಆನೆ ಅಲ್ಲಿ ಬರಿಮೈಯಲ್ಲಿ ಸೊಪ್ಪು ತಿನ್ನುತ್ತಿತ್ತು. ನನಗೆ ಯಾಕೋ ನಾಚಿಕೆಯಾಗಿ ಮುಖ ತಿರುಗಿಸಿದೆ. "ನೋಡ್ದ್ಯಾ, ನಿನ್ನೆ ಬಟ್ಟೆ ಹಾಕಿದ್ದಕ್ಕೇ ಇವತ್ತು ನಿಂಗೆ ಹಿಂಗನ್ಸೋದು ಕಣಮ್ಮ. ಹೋದ್ವಾರ ಇದೇ ಆನೆ ನೋಡಿದಾಗ ಹಿಂಗನ್ನಿಸ್ತಾ?" ಎಂದರು. ಅನ್ನಿಸಿರಲಿಲ್ಲ. ವಾಪಸು ಬರುವಾಗ ಕಡಲೆಕಾಯಿ ಕೊಡಿಸಿದರು.

ಇನ್ನು ನಂಜು ಚಿಕ್ಕಪ್ಪನ ವಿಷಯ ಹೇಳಬೇಕು. ಅವನು ದೊಡ್ಡಪ್ಪನ ಕೊನೆಯ ತಮ್ಮ. ವಯಸ್ಸು ಮೂವತ್ತು ದಾಟಿದ್ದರೂ ಬುದ್ಧಿ ಮೂರು ವರ್ಷದ ಮಗುವಿನದು. ದೊಡ್ಡವರನ್ನು ನೋಡಿ ನಾವು ಮಕ್ಕಳೂ ಅವನನ್ನು ನಂಜು ಎಂದೇ ಕರೆಯುತ್ತಿದ್ದೆವು. ಅಂಗಿಯೆಂದರೆ ಅವನಿಗೆ ಪ್ರಾಣ. ಗುಂಡಿಗಳನ್ನು ನಾಲಗೆ ಹೊರಚಾಚಿ ಒಂದೊಂದಾಗಿ ತಾನೇ ಹಾಕಿಕೊಂಡು, ಕತ್ತಿನ ಗುಂಡಿ ಬಿದ್ದ ಮೇಲೆ ಎಲ್ಲರೆದುರೂ ಒಮ್ಮೆ ನಿಂತು ಹೋಗುವನು. ಆದರೆ ಸೊಂಟಕ್ಕೆ ಏನು ಕಟ್ಟಿದರೂ ಅವನ ಮೈ ತಡೆಯುತ್ತಿರಲಿಲ್ಲ. ಮಗುವಾಗಿದ್ದಾಗ ಉಡಿದಾರವನ್ನೂ ಕಿತ್ತೆಸೆದಿದ್ದನಂತೆ. ಪಂಚೆ, ಲುಂಗಿ, ಚಡ್ಡಿ, ಯಾವುದೇ ಆಗಲಿ, ಚರ್ಮ ಕೆಂಪಾಗುವವರೆಗೆ ಎಳೆದಾಡಿಕೊಂಡು ಅಳುವನು. ದೊಡ್ಡಮ್ಮ ಮೊಣಕಾಲು ಮುಟ್ಟುವ ಅಂಗಿ ಹೊಲಿದು ನೋಡಿದರು. ಅದರ ಅಂಚನ್ನೆತ್ತಿ ಬಾಯಲ್ಲಿ ಕಚ್ಚಿಕೊಂಡು ಓಡಾಡಿದ. ಮನೆಯವರ ಮಟ್ಟಿಗೆ ಅದೇನೂ ದೊಡ್ಡ ವಿಷಯವಾಗಿರಲಿಲ್ಲ, ನಾವು ಅವನನ್ನು ಹಾಗೆಯೇ ಕಂಡವರು. ಹೊರಗಿನವರು ಬಂದರೆ ಮಾತ್ರ ಅಜ್ಜಿ ಅವನನ್ನು ಹಿತ್ತಲ ಕೋಣೆಗೆ ಕಳಿಸಿ ಚಿಲಕ ಹಾಕುವರು. ಬಂದವರು ಎದ್ದು ಹೋಗುವವರೆಗೆ ಅವನು ಒಳಗಿನಿಂದ ಬಾಗಿಲು ತಟ್ಟುತ್ತಿದ್ದ, ಅಜ್ಜಿ ಜೋರಾಗಿ ಮಾತಾಡುತ್ತಿದ್ದರು. ಬಂದವರು ಬೆಕ್ಕೋ ಎಂದು ಕೇಳಿದರೆ ಹೌದು ಎನ್ನುತ್ತಿದ್ದರು. ದೊಡ್ಡಪ್ಪ ಅಂಥ ಹೊತ್ತಿನಲ್ಲಿ ಮೇಜಿನಿಂದ ತಲೆಯೆತ್ತುತ್ತಿರಲಿಲ್ಲ.

ಒಂದು ಭಾನುವಾರ ಪತ್ರಿಕೆಯ ಸಂಪಾದಕರು ಸ್ಕೂಟರಿನಲ್ಲಿ ಬಂದರು. ಬೋರಣ್ಣ ಸೊಂಟದ ಕೆಳಗೆ ಏನೂ ಹಾಕಿಕೊಳ್ಳುವುದಿಲ್ಲ, ಮಕ್ಕಳಿಗೆ ಇದೆಂಥ ಮಾದರಿ ಎಂದು ಕೆಲವು ತಂದೆತಾಯಿಗಳು ಬರೆದಿದ್ದರಂತೆ. ಮುಂದಿನ ತಿಂಗಳಿಂದ ಅವನಿಗೊಂದು ಚಡ್ಡಿ ಬರೆಯಬೇಕು, ಇಲ್ಲವಾದರೆ ಕಥೆಯನ್ನೇ ನಿಲ್ಲಿಸಬೇಕಾಗುತ್ತದೆ ಎಂದರು. ಒಳ್ಳೆಯ ಮನುಷ್ಯರೇ, ಹೇಳುವಾಗ ಅವರಿಗೂ ಮುಜುಗರವಾಗುತ್ತಿತ್ತು. ದೊಡ್ಡಪ್ಪ ಆಗುವುದಿಲ್ಲ ಎಂದರು. "ಒಂದು ಚಡ್ಡಿ ಕಣ್ರೀ ಮೇಷ್ಟ್ರೇ! ನಾಲ್ಕು ಗೆರೆ ಎಳೆದ್ರೆ ಆಯ್ತು. ಕರಡಿಗೇನು ನೋವಾಗುತ್ತಾ?" ಎಂದು ಅವರು ನಕ್ಕರು. ಹಿತ್ತಲ ಕೋಣೆಯ ಬಾಗಿಲು ಬಡಿದುಕೊಳ್ಳುತ್ತಲೇ ಇತ್ತು. ದೊಡ್ಡಪ್ಪ ಪೆನ್ನು ಕೆಳಗಿಟ್ಟು ಎದ್ದರು. "ಬೇಡ್ವೋ, ಮನೇಲಿ ಮದುವೆಯಾಗೋ ಹೆಣ್ಮಕ್ಳಿವೆ" ಎಂದು ಅಜ್ಜಿ ಅಡ್ಡ ನಿಂತರು. "ಇರ್ಲಿ ಬುಡಮ್ಮ" ಎಂದು ಅವರನ್ನು ಬಳಸಿಕೊಂಡು ಹೋದರು. ಚಿಲಕ ತೆಗೆದ ಸದ್ದಾಯಿತು.

ನಂಜು ಅಣ್ಣನ ಕೈ ಹಿಡಿದುಕೊಂಡು ಹಜಾರಕ್ಕೆ ಬಂದ. ಚೌಕಳಿ ಅಂಗಿ, ಕತ್ತಿನವರೆಗೂ ಗುಂಡಿ. ಹೊಸಬರನ್ನು ಕಂಡು ಖುಷಿಯಾಗಿ ಹೊಟ್ಟೆ ಮುಂದೆ ಮಾಡಿ, ಕೈ ಹಿಂದೆ ಕಟ್ಟಿ ನಿಂತ. ಅದುವರೆಗೆ ನನಗೆ ಹೊಳೆದಿರಲಿಲ್ಲ. ನಿತ್ಯ ನೋಡುವ ಮುಖವೆಂದೋ ಏನೋ, ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ಸಂಪಾದಕರು ಒಮ್ಮೆ ಮೇಜಿನ ಮೇಲಿದ್ದ ಚಿತ್ರವನ್ನು ನೋಡಿದರು, ಒಮ್ಮೆ ಅವನನ್ನು ನೋಡಿದರು. ಅಜ್ಜಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದರು. ಆಮೇಲೆ ಸಂಪಾದಕರು ಬೆಂಚಿನ ಮೇಲೆ ಸರಿದು ಜಾಗ ಮಾಡಿ, "ಬನ್ನಿ ಬೋರಣ್ಣೋರೇ, ಕೂತ್ಕೊಳಿ" ಎಂದರು. ನಂಜು ಕೂತ. ಅವರ ತಟ್ಟೆಯಲ್ಲಿದ್ದ ಕೋಡುಬಳೆಯನ್ನೆಲ್ಲ ತಾನೇ ತಿಂದ. ಚಡ್ಡಿಯ ಮಾತು ಮತ್ತೆ ಬರಲಿಲ್ಲ.

ಅಂದಿನಿಂದ ಎಲ್ಲ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ಬೀಗರು ಬಂದಾಗ ಅಜ್ಜಿ ಚಿಲಕ ಹಾಕುತ್ತಲೇ ಇದ್ದರು, ದೊಡ್ಡಪ್ಪ ಹೋಗಿ ತೆಗೆಯುತ್ತಲೇ ಇದ್ದರು. ನನ್ನ ಅಕ್ಕಂದಿರ ಮದುವೆಗಳೂ ಆದವು. ಅಜ್ಜಿ ಹೋದರು, ದೊಡ್ಡಮ್ಮ ಹೋದರು, ಓದುವವರಿಲ್ಲದೆ ಪತ್ರಿಕೆ ನಿಂತಿತು. ಮನೆಯನ್ನು ಮಾರಿ ಪಾಲಾದ ಮೇಲೆ ದೊಡ್ಡಪ್ಪ ತಮ್ಮನನ್ನು ಕರೆದುಕೊಂಡು ವಿಜಯನಗರದಲ್ಲಿ ನಮ್ಮ ಮನೆಯ ಹತ್ತಿರವೇ ಒಂದು ಪುಟ್ಟ ಮನೆ ಹಿಡಿದರು. ನಂಜುವಿನ ತಲೆ ನರೆತಿತ್ತು. ಈಗ ಅವನ ಗುಂಡಿಗಳನ್ನು ದೊಡ್ಡಪ್ಪ ಒಂದೊಂದಾಗಿ ಹಾಕುತ್ತಿದ್ದರು. ನನಗೆ ಅವರಿಬ್ಬರ ಮೇಲೆ ಎಷ್ಟು ಪ್ರೀತಿಯಿತ್ತೆಂದು ಅದನ್ನು ನೋಡುತ್ತ ನಿಂತಾಗಲೇ ನನಗೆ ಗೊತ್ತಾದದ್ದು.

ನಂಜು ಒಂದು ಬೆಳಿಗ್ಗೆ ನಿದ್ದೆಯಲ್ಲೇ ಹೋದ. ಬಂಧುಗಳು ಸೇರಿದರು. ಸ್ನಾನ ಮಾಡಿಸಿದ ಮೇಲೆ ದೊಡ್ಡಪ್ಪ ನೆಲದ ಮೇಲೆ ಕೂತು ತಮ್ಮನಿಗೆ ಅಂಗಿ ತೊಡಿಸಿ, ಕತ್ತಿನವರೆಗೂ ಗುಂಡಿ ಹಾಕಿದರು. ಅದಕ್ಕೆ ಬಹಳ ಹೊತ್ತು ಹಿಡಿಯಿತು, ಯಾರೂ ಅವಸರ ಮಾಡಲಿಲ್ಲ. ಪುರೋಹಿತರು ಹೊಸ ಪಂಚೆಯ ಮಡಿಕೆ ಬಿಡಿಸಿ ಉಡಿಸಲು ಬಗ್ಗಿದಾಗ ದೊಡ್ಡಪ್ಪ ಅವರ ಕೈ ಹಿಡಿದುಕೊಂಡರು. "ಕಟ್ಟಬೇಡಿ. ಅವನಿಗಾಗಲ್ಲ" ಎಂದರು. ನನ್ನ ಅಕ್ಕನ ಗಂಡ ಮೆಲ್ಲಗೆ, "ಇನ್ನು ಅವರಿಗೇನು ಗೊತ್ತಾಗುತ್ತೆ, ಬುಡಿ" ಎಂದರು. "ನಂಗೊತ್ತಾಗುತ್ತಲ್ಲಪ್ಪ" ಎಂದರು ದೊಡ್ಡಪ್ಪ.

ಪುರೋಹಿತರು ಪಂಚೆಯನ್ನು ಉಡಿಸದೆ ಹಾಗೆಯೇ ಮೇಲೆ ಹೊದಿಸಿದರು. ಚಟ್ಟಕ್ಕೆ ಹಗ್ಗ ಸುತ್ತುತ್ತಿದ್ದವರಿಗೂ ಅವರೇ ಹೇಳಿದರು. ಎದೆಯ ಮೇಲೊಂದು, ಮೊಣಕಾಲಿನ ಕೆಳಗೊಂದು ಸುತ್ತು ಹಾಕಿ, ಸೊಂಟವನ್ನು ಬಿಟ್ಟು ಕಟ್ಟಿದರು.