ಟೇಲರಕ್ಕ ಕೇಳಿದ ಮೂರನೆಯ ಬಾಗಿಲು

ಗುಂಡುಪಿನ್ನುಗಳನ್ನು ತುಟಿಯಲ್ಲಿ ಕಚ್ಚಿಕೊಂಡೇ ಮಾತಾಡುತ್ತಿದ್ದಳು. ಅಗಲವಾದ ಅಂಗೈ, ನೇಗಿಲು ಹಿಡಿದವರ ಗೆಣ್ಣು. ಆ ಕೈತುಂಬ ಹಸಿರು ಗಾಜಿನ ಬಳೆ. ಮಷೀನಿಗೆ ಸಿಗಬಾರದೆಂದು ಬಳೆಗಳನ್ನು ಮೊಣಕೈ ತನಕ ಸರಿಸಿ ರಬ್ಬರ್ ಬ್ಯಾಂಡ್ ಹಾಕಿರುತ್ತಿದ್ದಳು. ದಾಂಡೇಲಿಯ ನಮ್ಮ ಓಣಿಗೆಲ್ಲ ಅವಳು 'ಟೇಲರ್ ಮಾಮಾ'. ಶಾಲೆಯ ಯೂನಿಫಾರ್ಮ್ ಹೊಲಿಸಲು ಹೋದ ನಾನೂ ಹಾಗೇ ಕರೆದೆ. ಅವಳು ಟೇಪು ಕೆಳಗಿಳಿಸಿ, "ಮಾಮಾ ಅಂದ್ರ ಕೈ ನಡಗತೈತಿ, ಅಳತಿ ತಪ್ಪತೈತಿ. ಅಕ್ಕಾ ಅನ್ನವಾ," ಎಂದಳು. ಅಂದಿನಿಂದ ನನಗೆ ಟೇಲರಕ್ಕ.

ಹಳಿಯಾಳ ಕಡೆಯ ಹಳ್ಳಿಯೊಂದರಲ್ಲಿ ಗಂಡುಮಗನೆಂದು ಬೆಳೆದು, ಹೆಣ್ಣಾಗಿ ಬಾಳಬೇಕೆಂದು ಮನೆ ಬಿಟ್ಟು ಬಂದವಳು. ಅವಳ ಅಣ್ಣ ಪ್ರತಿ ದೀಪಾವಳಿಗೆ ಮುಂಚೆ ಬರುತ್ತಿದ್ದ. ಅಂಗಡಿಯೊಳಗೆ ಕಾಲಿಡುತ್ತಿರಲಿಲ್ಲ, ಹೊರಗೇ ನಿಂತು, ಅವಳು ಹೊಲಿದಿಟ್ಟ ಅಂಗಿ ಇಸಿದುಕೊಂಡು ಹೋಗುತ್ತಿದ್ದ. ತಂಗಿ ಬೇಡ, ತಂಗಿಯ ಕೈಕೆಲಸ ಬೇಕು! ನಾನು ಸಿಟ್ಟಾದರೆ ಅವಳು ಅದೇ ಅಂಗಿಯ ಮಾತಿಗೆ ಹೊರಳುತ್ತಿದ್ದಳು. "ಅಂಗಿಗೆ ಹೆಗಲ ಮುಖ್ಯ ನೋಡು. ಹೆಗಲ ಕುಂಡ್ರಲಿಲ್ಲಂದ್ರ ಎಷ್ಟ ಛಲೋ ಅರಬಿ ಇದ್ರೂ ಅದು ಮಂದಿ ಅಂಗೀನ." ಹೆಗಲು ಕೂಡದ ಒಂದು ಅಂಗಿಯೂ ಅವಳ ಅಂಗಡಿಯಿಂದ ಹೊರಗೆ ಹೋದದ್ದಿಲ್ಲ.

ನನಗೆ ವಿಜ್ಞಾನ ಕತೆಗಳ ಹುಚ್ಚು. ನಮ್ಮದು ಕಾಗದದ ಕಾರ್ಖಾನೆಯ ಊರು. ರದ್ದಿ ಅಂಗಡಿಯಲ್ಲಿ ಹಳೆಯ ಮಾಸಿಕಗಳಿಗೆ ಬರವಿಲ್ಲ. ಸಂಜೆ ಅವಳ ಸ್ಟೂಲಿನ ಮೇಲೆ ಕೂತು ಗಟ್ಟಿಯಾಗಿ ಓದುತ್ತಿದ್ದೆ, ಅವಳು ಹೊಲಿಯುತ್ತ ಕೇಳುತ್ತಿದ್ದಳು, ನಡುನಡುವೆ ಹೊರಗೆ ಕಾಣದ ಹಾಗೆ ಪಿನ್ನು ಹಾಕುವುದನ್ನು ನನಗೆ ಕಲಿಸುತ್ತಿದ್ದಳು. ಮೂರು ಕಣ್ಣಿನವರು, ಹಸಿರು ಚರ್ಮದವರು, ತಲೆಯೇ ಇಲ್ಲದವರು, ಎಲ್ಲರನ್ನೂ ತಕರಾರಿಲ್ಲದೆ ಒಪ್ಪಿಕೊಂಡಳು. ನೌಕೆಯ ಕ್ಯಾಪ್ಟನ್ ಯಾವಾಗಲೂ ಗಂಡಸು, ಚಹಾ ತರುವ ಯಂತ್ರಕ್ಕೆ ಮಾತ್ರ ಹೆಣ್ಣಿನ ಧ್ವನಿ. "ಸಾವಿರ ವರ್ಷ ಮುಂದ ಹ್ವಾದ್ರೂ ಚಾ ನಾವ ತರಬೇಕೇನ?" ಎಂದು ನಗುತ್ತಿದ್ದಳು. ಒಂದು ಸಂಜೆ ಮಷೀನು ನಿಲ್ಲಿಸಿ ಕೇಳಿದಳು:

"ಆ ನೌಕಾದಾಗ ಪಾಯಖಾನಿ ಬಾಗಲಾ ಎಷ್ಟ ಅದಾವ?"

"ಎರಡು ಇರಬೇಕಕ್ಕಾ."

"ಹಂಗಾರ ನಾ ಎದರಾಗ ಹೋಗ್ಲಿ?"

ಬಸ್ ನಿಲ್ದಾಣದಲ್ಲಿ ಎರಡೂ ಬಾಗಿಲಲ್ಲಿ ಬೈಗುಳ ತಿಂದವಳು ಅವಳು. ಬಸ್ಸು ಹತ್ತುವ ದಿನ ಬೆಳಗಿನಿಂದ ನೀರು ಕುಡಿಯುತ್ತಿರಲಿಲ್ಲ. ನಾನು ಮತ್ತೆ ಪುಟ ತಿರುವಿ ಹುಡುಕಿದೆ. ಆಮೇಲೆ ಎಷ್ಟೋ ಕತೆಗಳಲ್ಲಿ ಹುಡುಕಿದೆ. ಬೆಳಕಿನ ವೇಗವನ್ನೇ ಮೀರಿಸುವ ಮಹಾನುಭಾವರಿಗೆ ಒಂದು ಬಾಗಿಲು ಹೆಚ್ಚಿಗೆ ಇಡಲು ಆಗಿರಲಿಲ್ಲ.

ಆ ವರ್ಷ ಶಾಲೆಯ ಗ್ಯಾದರಿಂಗಿಗೆ ಮಂಗಳಯಾನದ ನಾಟಕ. ಹಾರಲು ಹುಡುಗರು, ಅವರಿಗೆ ಆರತಿ ಎತ್ತಲು ನಾನು. ಹುಡುಗರ ಬಿಳಿ ದಿರಿಸು, ಮುಖ ಮುಚ್ಚುವ ಟೊಪ್ಪಿಗೆ ಹೊಲಿಯುತ್ತಿದ್ದ ಟೇಲರಕ್ಕ ನನ್ನ ಅಳತೆಯದೂ ಒಂದು ಹೊಲಿದಳು. "ಟೊಪಗಿ ಹಾಕ್ಕೊಂಡ ಮ್ಯಾಲ ಒಳಗ ಯಾರದಾರಂತ ಯಾರಿಗೆ ತಿಳೀತೈತಿ? ಹೋಗಿ ನಿಂದರ ಹೋಗು." ಹೋಗಿ ನಿಂತೆ. ಮಂಗಳದ ಮೇಲೆ ಒಬ್ಬ ಹೆಚ್ಚಿದ್ದಾನೆಂದು ಮಾಸ್ತರರಿಗೆ ಪರದೆ ಬೀಳುವವರೆಗೆ ತಿಳಿಯಲಿಲ್ಲ. ತಿಳಿದ ಮೇಲೆ ಬೆತ್ತ ಬಿತ್ತು. ಮರುದಿನ ಟೊಪ್ಪಿಗೆ ಹಿಂದಿರುಗಿಸಲು ಹೋದಾಗ ಅವಳು ಅದನ್ನು ತಾನೇ ತೊಟ್ಟು ಕನ್ನಡಿಯ ಮುಂದೆ ನಿಂತಳು. ಬಹಳ ಹೊತ್ತು ನಿಂತಿದ್ದಳು. ಒಳಗಿನಿಂದ, "ಇದರಾಗ ಆರಾಮ ಐತಿ ನೋಡು," ಎಂದಳು.

ಹೋದ ವರ್ಷ ಅವಳಿಗೆ ಕಾಮಾಲೆಯಾಯಿತು. ಆಸ್ಪತ್ರೆಯಲ್ಲಿ ಗಂಡಸರ ವಾರ್ಡಿನವರೂ ಬೇಡವೆಂದರು, ಹೆಂಗಸರ ವಾರ್ಡಿನವರೂ ಬೇಡವೆಂದರು. ಎರಡರ ನಡುವಿನ ವರಾಂಡದಲ್ಲಿ ಮಂಚ ಹಾಕಿದರು. ನನ್ನನ್ನು ಕಂಡು ಹಳದಿ ಕಣ್ಣಲ್ಲೇ ನಕ್ಕಳು. "ನಡುವಿನ ಬಾಗಲಾ ಸಿಕ್ಕತ ನೋಡು. ಗಾಳಿ ಛಲೋ ಬರತೈತಿ." ಆಮೇಲೆ ನನ್ನ ಕೈ ಹಿಡಿದಳು. "ಟ್ರಂಕಿನ್ಯಾಗ ಹಸರ ಇಳಕಲ್ ಸೀರಿ ಐತಿ. ಕುಬಸಾನೂ ಹೊಲದಿಟ್ಟೇನಿ. ಹೋಗೂ ಮುಂದ ಅದನ್ನ ಉಡಸವಾ. ಮತ್ತೇನೂ ಬ್ಯಾಡ."

ಮತ್ತೇನನ್ನೂ ಅವಳು ಯಾರಲ್ಲೂ ಕೇಳಿದವಳಲ್ಲ. ಅಷ್ಟೂ ಆಗಲಿಲ್ಲ. ಬದುಕಿದ್ದಾಗ ಅಂಗಡಿಯ ಮೆಟ್ಟಿಲು ಹತ್ತದ ಅಣ್ಣ, ಸತ್ತಾಗ ಹೆಣವನ್ನು ಹಕ್ಕಿನಿಂದ ಊರಿಗೆ ಒಯ್ದ. ನಾನು ಸೀರೆ ಹಿಡಿದು ಹಳಿಯಾಳದ ಬಸ್ಸು ಹತ್ತಿದೆ.

ಅವರ ಮನೆತನದಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ವಿಭೂತಿ ಹಚ್ಚಿ, ಉಡಿಸಿ ತೊಡಿಸಿ, ಬಂದವರೆಲ್ಲ ಮುಖ ನೋಡಲೆಂದು ಗೋಡೆಗೆ ಒರಗಿಸಿ ಕೂಡಿಸುತ್ತಾರೆ. ಟೇಲರಕ್ಕನನ್ನೂ ಕೂಡಿಸಿದ್ದರು. ಜಡೆಯನ್ನು ಬುಡಕ್ಕೆ ಕತ್ತರಿಸಿದ್ದರು. ಬಳೆ ಇರಲಿಲ್ಲ. ಪಂಚೆ, ಬಿಳಿ ಅಂಗಿ. ಭಜನೆ ನಡೆದಿತ್ತು. ನಾನು ಸೀರೆ ಮುಂದೆ ಚಾಚಿ, ಇದೊಂದೇ ಅವಳ ಆಸೆಯಾಗಿತ್ತೆಂದೆ.

"ಅಂವ ನನ್ನ ತಮ್ಮರೀ," ಎಂದ ಅಣ್ಣ. ಅವನ ಕಣ್ಣಲ್ಲಿ ನಿಜವಾದ ನೀರಿತ್ತು; ಅದೇ ನನಗೆ ಹೆಚ್ಚು ಉರಿಯಿತು. "ಹುಟ್ಟಿದಾಂಗ ಹೋಗ್ಲಿ. ಮಂದಿ ನೋಡಾಕತ್ತಾರ, ಅದನ್ನ ಒಳಗ ಇಟಗೋರಿ."

ಆಗ ಅಂಗಿಯನ್ನು ನೋಡಿದೆ. ಅವಳೇ ಅಣ್ಣನಿಗೆ ಹೊಲಿದುಕೊಟ್ಟಿದ್ದ ಅಂಗಿ. ಗಂಡಸಿನ ಬಟ್ಟೆ ಅವಳ ಬಳಿ ಒಂದೂ ಇರಲಿಲ್ಲವಲ್ಲ, ಇವನು ತನ್ನದನ್ನೇ ತೊಡಿಸಿದ್ದ. ಕಾಯಿಲೆಯಲ್ಲಿ ಒಣಗಿದ ಮೈ. ಎರಡೂ ಹೆಗಲು ತೋಳಿಗೆ ಜಾರಿ ಜೋತು ಬಿದ್ದಿದ್ದವು. ಊರೆಲ್ಲ ನೋಡುತ್ತಿತ್ತು. ಹೆಗಲು ಕೂಡದ ಅಂಗಿಯಲ್ಲಿ ಅವಳನ್ನು ಹಾಗೆ ಬಿಟ್ಟು ಬರಲು ನನ್ನಿಂದ ಆಗಲಿಲ್ಲ. ನನ್ನ ದುಪಟ್ಟಾದ ಪಿನ್ನುಗಳನ್ನು ಬಿಚ್ಚಿ, ಬಟ್ಟೆ ಹಿಂದೆ ಮಡಚಿ, ಅವಳು ಕಲಿಸಿದಂತೆಯೇ ಹೊರಗೆ ಕಾಣದ ಹಾಗೆ ಹಾಕಿದೆ. ಹೆಗಲು ಕೂತಿತು.

ಅಣ್ಣ ಎರಡು ಹೆಜ್ಜೆ ಹಿಂದೆ ಸರಿದು ನೋಡಿದ.

"ಈಗ ಛಲೋ ಕಾಣ್ತಾನ ನೋಡ್ರಿ," ಎಂದ.