ಅರವತ್ತೊಂದು ಕೆಂಪು ತಲೆಕಟ್ಟು

1993 ಜೂನ್ 6, ಭಾನುವಾರ. ಬೆಳಿಗ್ಗೆ 6 ಗಂಟೆ 20 ನಿಮಿಷಕ್ಕೆ ಪತ್ರಿಕೆಗೆಂದು ಇದನ್ನು ಬರೆಯಲು ಕುಳಿತೆ. ವಿಜಯವಾಡದ ಪಟಮಟದಲ್ಲಿ ನಮ್ಮ ಬಾಡಿಗೆ ಮನೆಯ ಹಿಂದಿನ ವರಾಂಡ. ತಂಗಿ ಇನ್ನೂ ಎದ್ದಿಲ್ಲ. ಹಾಗಾಗಿ ಇವತ್ತಿನ ಪ್ರಶ್ನೆಗಳು: ಸೊನ್ನೆ.

ಅವಳಿಗೆ ಹತ್ತು ವರ್ಷ, ನನಗೆ ಹದಿನೈದು. ಇಪ್ಪತ್ತೊಂದು ತಿಂಗಳಿಂದ ಅವಳು ಶಾಲೆಯ ಮೆಟ್ಟಿಲು ಹತ್ತಿಲ್ಲ. 1991ರ ಸೆಪ್ಟೆಂಬರಿನಲ್ಲಿ ಅಪ್ಪನಿಗೆ ವಿಶಾಖಪಟ್ಟಣದ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿ ನಾವು ಧಾರವಾಡ ಬಿಟ್ಟೆವು. ವರ್ಷದ ನಡುವೆ ಹೋದದ್ದರಿಂದ ಹಿಂದಿ, ಇಂಗ್ಲಿಷ್ ಕಲಿಸುವ ಶಾಲೆಯಲ್ಲಿ ನನಗೊಬ್ಬಳಿಗೆ ಜಾಗ ಸಿಕ್ಕಿತು. "ಜೂನ್ ತನಕ ಇಕಿಗೆ ನಾನೇ ಕಲಸ್ತೀನಿ ತಗೋ" ಅಂದಳು ಅವ್ವ. ಜೂನ್ ಬಂತು. ಅವ್ವನಿಗೂ ಬಿಡುವ ಮನಸ್ಸಾಗಲಿಲ್ಲ, ತಂಗಿಗೂ ಆಗಲಿಲ್ಲ.

ವಿಶಾಖಪಟ್ಟಣದ ಎಂವಿಪಿ ಕಾಲೋನಿಯ ಆ ಮನೆಯಲ್ಲಿ ಅಡುಗೆಮನೆಯೇ ತರಗತಿ. ರೊಟ್ಟಿ ಮುರಿದು ಭಿನ್ನರಾಶಿ. ಟೆರೇಸಿನ ಮೇಲೆ ಕೋಲು ನಿಲ್ಲಿಸಿ ನೆರಳಿನ ಅಳತೆ. ಸಿಂಹಾಚಲಂ ಗುಡಿಯ ಮೆಟ್ಟಿಲು ಎಣಿಸಿದ ದಿನ ನನ್ನ ಲೆಕ್ಕಕ್ಕೂ ಅವಳ ಲೆಕ್ಕಕ್ಕೂ ಹದಿನೇಳರ ವ್ಯತ್ಯಾಸ ಬಂತು. ಒಡೆದ ಮೆಟ್ಟಿಲನ್ನು ಅವಳು ಅರ್ಧ ಎಂದು ಹಿಡಿದಿದ್ದಳು. ನಾನು ವಾದ ಮಾಡಿದೆ. ಆಮೇಲೆ, ಕಂಡದ್ದನ್ನೆಲ್ಲ ಎಣಿಸಿ ಬರೆದಿಡುವ ನನ್ನ ಪುಸ್ತಕದಲ್ಲಿ ಎರಡೂ ಲೆಕ್ಕ ಬರೆದೆ. ಅದೇ ಪುಸ್ತಕದ ಕೊನೆಯಲ್ಲಿ ಇನ್ನೊಂದು ಪಟ್ಟಿ ಇದೆ: ತಂಗಿ ಕೇಳಿದ, ಮನೆಯಲ್ಲಿ ಯಾರಿಗೂ ಉತ್ತರ ಗೊತ್ತಿಲ್ಲದ ಪ್ರಶ್ನೆಗಳು. ಕಳೆದ ತಿಂಗಳ ಕೊನೆಗೆ 148.

ತೆಲುಗು ಮಾತಾಡಲು ಅವಳು ಪಕ್ಕದ ಮನೆಯ ಮಕ್ಕಳಿಂದ ಕಲಿತಳು. ಬರೆಯಲು ಕಲಿಸಿದವಳು ನಾನು. ನನಗೂ ಯಾರೂ ಕಲಿಸಿರಲಿಲ್ಲ. ಬಸ್ಸಿನ ಬೋರ್ಡು, ಗೋಡೆಯ ಕ್ಯಾಲೆಂಡರು ನೋಡಿಕೊಂಡು ಮಾದರಿ ಅಕ್ಷರ ಬರೆದುಕೊಟ್ಟೆ, ಅವಳು ಅವುಗಳ ಮೇಲೆ ತಿದ್ದಿದಳು.

ಈ ಏಪ್ರಿಲ್‌ನಲ್ಲಿ ಅಪ್ಪನಿಗೆ ವಿಜಯವಾಡದ ಆಫೀಸಿಗೆ ವರ್ಗವಾಯಿತು. ಇನ್ನು ಶಾಲೆಗೆ ಸೇರಿಸಲೇಬೇಕು ಎಂದು ಅಪ್ಪ ಹಠ ಹಿಡಿದರು. ಇಲ್ಲಿನ ಶಾಲೆಯವರು ಪರೀಕ್ಷೆ ಇಟ್ಟರು. ಪಾಸಾದರೆ ಆರನೇ ತರಗತಿ, ಇಲ್ಲದಿದ್ದರೆ ಎರಡು ವರ್ಷ ಹಿಂದೆ, ನಾಲ್ಕಕ್ಕೆ. ಧಾರವಾಡದಿಂದ ಅತ್ತೆ ಕಾಗದ ಬರೆದಿದ್ದರು: "ಹುಡುಗೀನ ಸಾಲಿ ಬಿಡಿಸಿ ಒಲಿ ಮುಂದ ಕುಂದ್ರಿಸೀದಿ, ಈಗ ನೋಡೂಣು." ಅವ್ವ ಅದನ್ನು ಎರಡು ಸಲ ಓದಿ ಮಡಚಿಟ್ಟಿದ್ದಳು.

ಮೊನ್ನೆ ಶುಕ್ರವಾರ ಪರೀಕ್ಷೆ. ಲೆಕ್ಕ, ಇಂಗ್ಲಿಷ್ ಚೆನ್ನಾಗಿಯೇ ಆಯಿತು. ಕೊನೆಗೆ ತೆಲುಗು. ಮುಖ್ಯೋಪಾಧ್ಯಾಯಿನಿ ತಂಗಿಯನ್ನು ಎದುರಿಗೇ ನಿಲ್ಲಿಸಿಕೊಂಡು ಹಾಳೆ ತಿದ್ದುತ್ತಿದ್ದರು. ನಾನೂ ಅವ್ವನೂ ಬಾಗಿಲ ಹತ್ತಿರದ ಬೆಂಚಿನ ಮೇಲೆ. ಅಲ್ಲಿಂದ ಕೆಂಪು ಶಾಯಿಯ ರೈಟ್ ಗುರುತುಗಳು ಮಾತ್ರ ಕಾಣುತ್ತಿದ್ದವು, ಸಾಲು ಸಾಲಾಗಿ. ನಾನು ಎಣಿಸಿ ಬರೆದುಕೊಂಡೆ: 61 ಸರಿ.

"ಪಾಸಾದ್ಲವ್ವಾ!" ಎಂದು ಅವ್ವನ ಕಿವಿಯಲ್ಲಿ ಹೇಳಿದೆ.

ಆಗಲೇ ಮೇಡಂ ತಲೆಯೆತ್ತಿ, "ಏಮ್ಮಾ, ಇದಿ ತೆಲುಗಾ, ಕನ್ನಡಮಾ?" ಎಂದರು.

ಹಾಳೆ ನಮ್ಮ ಕಡೆ ತಿರುಗಿಸಿದಾಗ ಗೊತ್ತಾಯಿತು. ಅವು ರೈಟ್ ಗುರುತುಗಳೇ ಅಲ್ಲ. ಕನ್ನಡ ಅಕ್ಷರದ ತಲೆಕಟ್ಟು ಅಡ್ಡ ಗೆರೆ. ತೆಲುಗಿನದು ರೈಟ್ ಹಾಕಿದ ಹಾಗೆ ಮೇಲಕ್ಕೆ ಚಿಮ್ಮುತ್ತದೆ. ತಂಗಿ ಎಲ್ಲದಕ್ಕೂ ನಮ್ಮ ಅಡ್ಡ ಗೆರೆಯನ್ನೇ ಎಳೆದಿದ್ದಳು, ಮೇಡಂ ಒಂದೊಂದನ್ನೇ ತಿದ್ದಿದ್ದರು. ತಪ್ಪು ನನ್ನದು. ಬೋರ್ಡು ನೋಡಿ ಬರೆದರೂ ನನ್ನ ಕೈ ಅಭ್ಯಾಸದ ಗೆರೆಯನ್ನೇ ಎಳೆದಿತ್ತು.

ತಂಗಿ ಹಾಳೆ ನೋಡಿದಳು. "ಅಕ್ಷರಾಲು ಮೀವೇ ಮೇಡಂ. ಟೋಪೀಲು ಮಾ ಊರಿವಿ."

ಅವ್ವ ನನ್ನ ಮೊಣಕೈ ಹಿಡಿದಳು. "ಟೋಪಿ ಅಂದ್ಲಲ್ಲ, ಯಾರಿಗೆ ಟೋಪಿ ಹಾಕ್ಯಾಳ?"

"ಅಕ್ಷರ ನಿಮ್ಮವೇ, ಟೋಪಿ ನಮ್ಮೂರಿಂದು ಅಂದ್ಲು."

ಮೇಡಂ ನಗಲಿಲ್ಲ. ಬಳಪ ಕೊಟ್ಟು ಬೋರ್ಡು ತೋರಿಸಿದರು: ಹಾಗಾದರೆ ಯಾವುದು ಯಾರದು, ಬರೆ. ತಂಗಿ ಮೂರು ಮನೆ ಎಳೆದಳು. ಮೊದಲನೆಯದರಲ್ಲಿ ಎರಡು ಭಾಷೆಗೂ ಒಂದೇ ಆದವು: ಬ, ಲ, ಜ, ಣ. ಎರಡನೆಯದರಲ್ಲಿ ಟೋಪಿ ಮಾತ್ರ ಬೇರೆ: ಗ, ದ, ನ, ರ, ವ. ಮೂರನೆಯದರಲ್ಲಿ ಮೈಯೇ ಬೇರೆ: ಕ, ತ, ಶ, ಹ. ಈ ಸಲ ತೆಲುಗಿನ ತಲೆಕಟ್ಟುಗಳೆಲ್ಲ ಚಿಮ್ಮಿ ನಿಂತಿದ್ದವು. ಕೆಂಪು ಶಾಯಿಯಲ್ಲಿ ತಿದ್ದಿದ ಹಾಳೆಯನ್ನು ಒಮ್ಮೆ ನೋಡಿದ್ದು ಅವಳಿಗೆ ಸಾಕಾಗಿತ್ತು. ಆರು ನಿಮಿಷ ಹಿಡಿಯಿತು. ಈ ಪಟ್ಟಿಯನ್ನು ನಾನೂ ಕಲಿಸಿರಲಿಲ್ಲ, ಅವ್ವನೂ ಕಲಿಸಿರಲಿಲ್ಲ.

ಬಳಪ ಇಟ್ಟು ಅವಳು ಕೇಳಿದಳು: "ಮೀರು ತಲಕಟ್ಟು ಎಂದುಕು ವಂಚಾರು?" ನೀವು ತಲೆಕಟ್ಟನ್ನು ಯಾಕೆ ಬಗ್ಗಿಸಿದಿರಿ?

"ತೆಲೀದಮ್ಮಾ", ಗೊತ್ತಿಲ್ಲಮ್ಮಾ, ಎಂದು ಮೇಡಂ ಈಗ ನಕ್ಕರು. ಅರ್ಜಿಯ ಮೇಲೆ ಆರನೇ ತರಗತಿ ಎಂದು ಬರೆದು ಸಹಿ ಹಾಕಿದರು.

ಹೊರಗೆ ಬಂದ ಮೇಲೆ ಅವ್ವ ಮೊದಲು ಹೇಳಿದ್ದು ತಂಗಿಗಲ್ಲ, ನನಗೆ. "ನಿನ್ನ ಬುಕ್ ತಗಿ. ಮೇಡಂಗೂ ಗೊತ್ತಿಲ್ಲದ್ದು ಕೇಳ್ಯಾಳ. ಬರಕೋ. ಆಮ್ಯಾಲ ನಿಮ್ಮ ಅತ್ತಿಗೊಂದು ಕಾಗದ." ದನಿ ಗಟ್ಟಿಯಾಗಿತ್ತು, ಕಣ್ಣು ಒದ್ದೆಯಾಗಿತ್ತು.

ಸಿಟಿ ಬಸ್ಸಿನಲ್ಲಿ "61 ಸರಿ" ಎಂಬುದನ್ನು ಹೊಡೆದು "61 ತಪ್ಪು, ಎಲ್ಲವೂ ನನ್ನವು" ಎಂದು ಬರೆದೆ. ಅಷ್ಟು ಸಂತೋಷದಿಂದ ನಾನು ಯಾವ ಲೆಕ್ಕವನ್ನೂ ತಿದ್ದಿಲ್ಲ.

149ನೇ ಪ್ರಶ್ನೆಯ ಮುಂದಿನ ಜಾಗ ಖಾಲಿ ಇದೆ. ಕನ್ನಡದ ತಲೆಕಟ್ಟು ಅಡ್ಡ ಮಲಗಿ ತೆಲುಗಿನದು ಮೇಲಕ್ಕೆ ಎದ್ದದ್ದು ಯಾವಾಗ, ಯಾಕೆ ಎಂದು ಬಲ್ಲವರು ಈ ಪತ್ರಿಕೆಯ ವಿಳಾಸಕ್ಕೆ ದಯವಿಟ್ಟು ಒಂದು ಕಾರ್ಡು ಬರೆಯಿರಿ. ಯಾವ ತಲೆಕಟ್ಟಿನಲ್ಲಿ ಬರೆದರೂ ನಮ್ಮ ಮನೆಯಲ್ಲಿ ಓದಬಲ್ಲೆವು.