ಅಟ್ಟದ ಮೇಲಿನ ಆರು ಕಾಯಿ

ನನ್ನ ಮಗಳು ಪ್ರಶ್ನೆ ಕೇಳುವುದನ್ನು ಯಾವ ದಿನ ನಿಲ್ಲಿಸಿದಳು ಅಂತ ನನಗೆ ಚೆನ್ನಾಗಿ ಗೊತ್ತು. ನಿಲ್ಲಿಸಿದವಳು ನಾನೇ ಆದ್ದರಿಂದ ಮರೆಯುವ ಹಾಗಿಲ್ಲ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಹೊನ್ನವಳ್ಳಿ ಹತ್ತಿರದ ಒಂದು ಹಳ್ಳಿಯಲ್ಲಿ ನಾನು ಸರ್ಕಾರಿ ನರ್ಸಮ್ಮ. ಸುತ್ತಲ ನಾಲ್ಕು ಊರಿನ ಹೆರಿಗೆ ನನ್ನ ಕೈಯಲ್ಲಿ. ಗಂಡ ರೈಲ್ವೆಯಲ್ಲಿದ್ದರು, ತಿಂಗಳಿಗೊಮ್ಮೆ ಬರುತ್ತಿದ್ದರು. ಊರಿಗೆಲ್ಲ ಕ್ರೈಸ್ತರ ಮನೆ ನಮ್ಮದೊಂದೇ. ಮನೆ ಎಂದರೆ ತೋಟದವರ ದೊಡ್ಡ ಮನೆಗೆ ಅಂಟಿಕೊಂಡಿದ್ದ ಎರಡು ಕೋಣೆ. ಆ ಮನೆಯ ಯಜಮಾನಿ ಲಿಂಗಪೂಜೆ ಮುಗಿಯದೆ ನೀರೂ ಮುಟ್ಟದ ಹೆಂಗಸು. ಬಾಡಿಗೆಗೆ ಕೇಳಲು ಹೋದಾಗ, "ನೀವೂ ದೇವ್ರು ಅಂತ ಒಬ್ಬನ್ನ ನಂಬ್ತೀರಲ್ಲ, ಬುಡಿ, ಸಾಕು" ಅಂದು ಬೀಗದ ಕೈ ಕೊಟ್ಟಿದ್ದಳು.

ಮಗಳಿಗೆ ಆಗ ಒಂಬತ್ತು ವರ್ಷ. ಬಾಯಿ ಮುಚ್ಚಿದ್ದು ನಿದ್ದೆಯಲ್ಲಿ ಮಾತ್ರ. ಹಲ್ಲಿ ಸೂರಿನಿಂದ ಯಾಕೆ ಬೀಳಲ್ಲ? ಕನಸು ಬಿದ್ದಾಗ ಕಣ್ಣು ಮುಚ್ಚಿರುತ್ತಲ್ಲ, ಮತ್ತೆ ಯಾವುದರಲ್ಲಿ ನೋಡ್ತೀವಿ? ಬಿಸಿಲಲ್ಲಿ ಊರೂರು ತಿರುಗಿ ಬಂದವಳಿಗೆ ಇದೆಲ್ಲ ತಲೆನೋವು. ಗೊತ್ತಿದ್ದರೆ ಹೇಳುತ್ತಿದ್ದೆ, ಗೊತ್ತಿಲ್ಲದ್ದಕ್ಕೆ "ದೇವರು ಹಾಗೆ ಮಾಡಿದ್ದಾನೆ" ಅನ್ನುತ್ತಿದ್ದೆ. ಗೊತ್ತಿಲ್ಲದ್ದೇ ಜಾಸ್ತಿ. ಒಂದು ದಿನ ರೇಗಿಹೋಗಿ, "ಸಂಜೆ ಪ್ರಾರ್ಥನೆಯಲ್ಲಿ ಅವನನ್ನೇ ಕೇಳು" ಅಂದುಬಿಟ್ಟೆ. ಮಗುವಿಗೆ ಭಕ್ತಿ, ಬುದ್ಧಿ ಎರಡನ್ನೂ ಒಟ್ಟಿಗೆ ಕಲಿಸುವ ಉಪಾಯ ಸಿಕ್ಕಿತು ಅಂತ ಒಳಗೊಳಗೇ ಹೆಮ್ಮೆಯೂ ಆಯಿತು. ಅದು ಬರೀ ಸೋಮಾರಿತನ ಅಂತ ಈಗ ಹೇಳಬಲ್ಲೆ.

ಅವಳು ನನ್ನ ಮಾತನ್ನು ನಂಬಿದಳು. ಚಾಪೆಯ ಮೇಲೆ ಮೊಣಕಾಲೂರಿ, ಅಪ್ಪನಿಗೆ, ನನಗೆ, ಯಜಮಾನಿಯ ಎಮ್ಮೆಗೆ ಆಶೀರ್ವಾದ ಬೇಡಿ, ಕೊನೆಗೆ ಆ ದಿನದ ಪ್ರಶ್ನೆ ಇಟ್ಟು ಆಮೆನ್ ಅನ್ನುತ್ತಿದ್ದಳು. ಒಂದು ಪ್ರಶ್ನೆ ಮಾತ್ರ ಮತ್ತೆ ಮತ್ತೆ ಬರುತ್ತಿತ್ತು. "ಕರ್ತನೇ, ಕಾಯಿ ಒಳಗಿನ ನೀರು ಎಲ್ಲಿ ಹೋಗುತ್ತೆ ಅಂತ ದಯಮಾಡಿ ತಿಳಿಸು."

ನಮ್ಮ ಕಡೆ ಕೊಬ್ಬರಿಯಾಗುವುದು ಅಟ್ಟದ ಮೇಲೆ. ಬಲಿತ ಕಾಯನ್ನು ಸಿಪ್ಪೆ ಸಮೇತ ಅಲ್ಲಿ ತುಂಬಿ ಹತ್ತು ಹನ್ನೊಂದು ತಿಂಗಳು ಬಿಟ್ಟರೆ ಒಳಗಿನ ನೀರು ಹಿಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆಯಾಗುತ್ತದೆ. ಯಜಮಾನಿ ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಲೊಡಲೊಡ ಅಂದರೆ, "ಆಗೈತೆ ಕಣ್ ಮಗ" ಅನ್ನುತ್ತಿದ್ದಳು. ಮಗಳು ಕಾಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. ತೂತಿಲ್ಲ, ಬಿರುಕಿಲ್ಲ. ನೀರು ಹೋಗಿದ್ದಾದರೂ ಎಲ್ಲಿಂದ?

ಕರ್ತನು ಉತ್ತರ ಕೊಡಲಿಲ್ಲ. ಅವಳೇ ಹೊರಟಳು. ನನಗಿದು ತಿಳಿದದ್ದು ವರ್ಷ ಕಳೆದ ಮೇಲೆ. ಹೊಸ ಕಾಯಿ ಅಟ್ಟಕ್ಕೆ ಏರಿದಾಗ ಆರನ್ನು ಮೂಲೆಯಲ್ಲಿಟ್ಟು, ಗಾಯಕ್ಕೆ ಹಚ್ಚುವ ಕೆಂಪು ಔಷಧಿಯನ್ನು ನನ್ನ ಚೀಲದಿಂದ ತೆಗೆದು, ಸಿಪ್ಪೆಯ ಮೇಲೆ ಒಂದು ಗೀಟು, ಎರಡು ಗೀಟು, ಹೀಗೆ ಗುರುತು ಹಾಕಿದ್ದಳು. ತಿಂಗಳಿಗೊಮ್ಮೆ, ನಾನು ಎಳೆಗೂಸುಗಳನ್ನು ಬಟ್ಟೆಯ ಜೋಲಿಯಲ್ಲಿ ಹಾಕಿ ತೂಗುವ ತಕ್ಕಡಿಯನ್ನು ಅಟ್ಟದ ತೊಲೆಗೆ ನೇತುಹಾಕಿ, ಆ ಜೋಲಿಯಲ್ಲೇ ಒಂದೊಂದು ಕಾಯನ್ನೂ ತೂಗಿ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಳು.

ಆ ವರ್ಷ ಯಜಮಾನಿಯ ಸೊಸೆಗೆ ಎರಡು ಸಲ ಬಸಿರು ಇಳಿದುಹೋಗಿತ್ತು. ಎರಡು ಸಲವೂ ಪಕ್ಕದಲ್ಲಿದ್ದವಳು ನಾನೇ.

ಕಾಯಿ ಸುಲಿಯುವ ದಿನ ಅಟ್ಟದಿಂದ ಕೆಂಪು ಗೀಟಿನ ಆರು ಕಾಯಿ ಇಳಿದವು. ಸುಲಿಯುವವರು ಕೈ ಹಿಂದಕ್ಕೆ ತೆಗೆದರು. ಕೂಸಿನ ಜೋಲಿಯಲ್ಲಿ ಕಾಯಿ ಇಟ್ಟು ತೂಗುತ್ತಿದ್ದುದನ್ನು ಒಂದು ದಿನ ಕಂಡಿದ್ದ ಸೊಸೆ, ಅಂಗಳದಲ್ಲಿ ಕುಸಿದು ಕೂತು ಅಳತೊಡಗಿದಳು. ಮಾಟ ಅನ್ನುವ ಮಾತನ್ನು ಯಾರೂ ಬಾಯಿಬಿಟ್ಟು ಆಡಲಿಲ್ಲ. ಎಲ್ಲರೂ ನನ್ನನ್ನು ನೋಡಿದರು.

ಮಗಳು ಒಳಗೆ ಓಡಿಹೋಗಿ ನೋಟ್‌ಬುಕ್ ತಂದಳು. ಅವಳ ಮುಖದಲ್ಲಿ ಹೆದರಿಕೆಯೇ ಇರಲಿಲ್ಲ. "ಅಜ್ಜಿ, ಇಲ್ನೋಡಿ, ತಿಂಗ್ಳು ತಿಂಗ್ಳೂ ತೂಕ ಕಮ್ಮಿ ಆಗೈತೆ. ನೀರು ಒಳಗೇ ಇಲ್ಲ, ಆಚೆಗೇ ಹೋಗೈತೆ. ದಾರಿ ಒಂದು ಸಿಕ್ಕಿಲ್ಲ."

ನಾನು ಆಗ ಮಾತಾಡಬೇಕಿತ್ತು. ಇದು ಮಗುವಿನ ಲೆಕ್ಕ, ಮಾಟವಲ್ಲ, ಅಂತ ಎರಡು ಮಾತು ಸಾಕಿತ್ತು. ನನಗೆ ಕಂಡದ್ದು ಬೇರೆ. ನಾಳೆಯಿಂದ ಯಾವ ಬಸುರಿಯೂ ನನ್ನನ್ನು ಮನೆಯೊಳಗೆ ಸೇರಿಸುವುದಿಲ್ಲ, ಕಿರಿಸ್ತಾನರ ನರ್ಸಮ್ಮ ಕೂಸು ತಿನ್ನುವವಳು ಅಂತ ಹುಳಿಯಾರಿನವರೆಗೂ ಹಬ್ಬುತ್ತದೆ. ಅವಳ ಕೈಯಿಂದ ನೋಟ್‌ಬುಕ್ ಕಿತ್ತುಕೊಂಡು, ಉರಿಯುತ್ತಿದ್ದ ಬಚ್ಚಲ ಒಲೆಗೆ ತುರುಕಿದೆ. ಕೆನ್ನೆಗೊಂದು ಬಿಟ್ಟೆ. "ತಪ್ಪಾಯ್ತು ಅನ್ನು" ಅಂದೆ. ಅಂದಳು.

ಯಜಮಾನಿ ಬೇಜಾರಿನಲ್ಲಿ ನನ್ನನ್ನೇ ನೋಡಿದಳು. "ಪುಸ್ತಕ ಯಾಕ್ ಸುಟ್ರಿ ನರ್ಸಮ್ಮ? ನಾನ್ ಕೇಳಿದ್ನಾ? ಅವ್ಳು ಹೇಳ್ತಿದ್ದದ್ದು ನಂಗೆ ಅರ್ಥ ಆಗ್ತಿತ್ತು ಕಣ್ರೀ."

ಆ ಸಂಜೆ ಮಗಳು ಚಾಪೆಯ ಮೇಲೆ ಮೊಣಕಾಲೂರಿ, ಬಾಯಿಪಾಠದ ಪ್ರಾರ್ಥನೆ ಹೇಳಿ ಆಮೆನ್ ಅಂದಳು. ನಾನು ಕಣ್ಣು ಮುಚ್ಚಿಕೊಂಡೇ ಕಾದೆ. ಅವಳು ಎದ್ದು ಚಾಪೆ ಸುತ್ತಿಟ್ಟಳು.

ನಾನು ಹೆದರಿದ್ದು ಯಾವುದೂ ಆಗಲಿಲ್ಲ. ಎರಡು ವರ್ಷಕ್ಕೆ ಆ ಸೊಸೆಗೆ ನನ್ನ ಕೈಯಲ್ಲೇ ಹೆಣ್ಣು ಕೂಸಾಯಿತು. ಅದೇ ತಕ್ಕಡಿಗೆ ಹಾಕಿ ತೂಗಿದೆ. ಬಾಗಿಲಲ್ಲಿ ನಿಂತಿದ್ದ ಮಗಳು ಎಷ್ಟು ತೂಕ ಅಂತ ಕೇಳಲಿಲ್ಲ. ಊರಿನವರು, ತಿಪಟೂರಿನ ಚರ್ಚಿನವರು ಎಲ್ಲರೂ ಅವಳನ್ನು ಹೊಗಳುತ್ತಿದ್ದರು. ಎದುರು ಮಾತಿಲ್ಲ, ತಾನಾಯಿತು ತನ್ನ ಕೆಲಸವಾಯಿತು, ಇಂಥ ಮಗು ಇರಬೇಕು ಅಂತ. ನಾನು ತಲೆಯಾಡಿಸುತ್ತಿದ್ದೆ. ಹಲ್ಲಿ ತೋರಿಸಿದೆ, ಕನಸಿನ ಮಾತೆತ್ತಿದೆ, ತಿಪಟೂರಿನಿಂದ ಚಿತ್ರದ ಪುಸ್ತಕ ತಂದುಕೊಟ್ಟೆ. ಪುಸ್ತಕಕ್ಕೆ ನೀಟಾಗಿ ಬೈಂಡು ಹಾಕಿಟ್ಟಳು.

ಅವಳು ತಿಪಟೂರಿಗೆ ಟೈಪಿಂಗ್ ಕಲಿಯಲು ಹೋಗುತ್ತಿದ್ದ ಕಾಲಕ್ಕೆ, ಒಂದು ದಿನ ಬಸ್ಸಿನಲ್ಲಿ ನನ್ನ ಪಕ್ಕ ಹೈಸ್ಕೂಲಿನ ವಿಜ್ಞಾನದ ಮೇಡಂ ಕೂತಿದ್ದರು. ನಾಚಿಕೆ ಬಿಟ್ಟು ಕೇಳಿದೆ. ಸ್ವಲ್ಪ ನೀರನ್ನು ತಿರುಳೇ ಹೀರಿಕೊಳ್ಳುತ್ತದೆ, ಉಳಿದದ್ದು ಚಿಪ್ಪಿನಲ್ಲಿರುವ ಕಣ್ಣಿಗೆ ಕಾಣದ ಸಣ್ಣ ಸಣ್ಣ ಸಂದುಗಳಿಂದ ಆವಿಯಾಗಿ ಹೋಗುತ್ತದೆ ಅಂದರು. ಮುಂದಿನ ಸ್ಟಾಪು ಬರುವಷ್ಟರಲ್ಲಿ ಹೇಳಿ ಮುಗಿಸಿದರು. ಇದನ್ನು ಕೇಳಲು ನನಗೆ ಇಷ್ಟು ವರ್ಷ ಹಿಡಿದಿತ್ತು.

ಮನೆಗೆ ಬಂದವಳೇ ಚಪ್ಪಲಿಯನ್ನೂ ಬಿಡದೆ ಹೇಳಿದೆ. "ನೀನು ಹೇಳಿದ್ದೇ ಸರಿ ಕಣೇ. ನೀರು ಆಚೆಗೇ ಹೋಗುತ್ತೆ. ಚಿಪ್ಪಿನಲ್ಲಿ ದಾರಿ ಇದೆಯಂತೆ."

ಮಗಳು ಒಣಗಿದ ಬಟ್ಟೆ ಮಡಚುತ್ತಿದ್ದಳು. ನಾನು ಯಾವುದರ ಮಾತಾಡುತ್ತಿದ್ದೇನೆಂದು ತಿಳಿಯಲು ಅವಳಿಗೆ ಒಂದು ಗಳಿಗೆ ಬೇಕಾಯಿತು.

"ಇರಬಹುದಮ್ಮ," ಅಂದಳು. "ದೇವರು ಹಾಗೆ ಮಾಡಿದ್ದಾನೆ."

ದನಿಯಲ್ಲಿ ಸಿಟ್ಟಿರಲಿಲ್ಲ, ಕೊಂಕೂ ಇರಲಿಲ್ಲ. ಇದ್ದಿದ್ದರೆ ಕಾಲಿಗೆ ಬಿದ್ದಾದರೂ ಕ್ಷಮೆ ಕೇಳುತ್ತಿದ್ದೆ. ಅವಳು ನನ್ನ ಸೀರೆಯ ಇನ್ನೊಂದು ತುದಿಯನ್ನು ನನ್ನ ಕೈಗೆ ಕೊಟ್ಟಳು. ಇಬ್ಬರೂ ಸೇರಿ ಮಡಚಿದೆವು.